ಮೂಲೆಯಲ್ಲಿ ಕೂತ ಕನಿಷ್ಠ: ನುಣುಪಲ್ಲದ ಫಲನಗಳಿಗೆ ದೋಷ ನಿವಾರಣೆ ಕೈಪಿಡಿ

ತೀರ್ಥಹಳ್ಳಿ ಸೀಮೆಯ ಒಂದು ಊರಿನ ರಸ್ತೆ. ಅದರ ಉದ್ದಕ್ಕೂ ಐದು ಅಡಿಕೆ ತೋಟದ ಮನೆಗಳು. ರಸ್ತೆ ಶುರುವಾಗುವ ಕಡೆಯಿಂದ ಅಳೆದರೆ 0, 1, 2, 5 ಮತ್ತು 9 ಕಿಲೋಮೀಟರ್ ದೂರದಲ್ಲಿವೆ. ಐದೂ ಮನೆಯವರು ಸೇರಿ ಅಡಿಕೆ ಒಣಗಿಸಲು ಒಂದೇ ಡ್ರೈಯರ್ ಹಾಕಬೇಕು, ಎಲ್ಲರ ಓಡಾಟದ ಒಟ್ಟು ದೂರ ಆದಷ್ಟು ಕಡಿಮೆಯಾಗಬೇಕು. ನನ್ನ ಬಳಿ ಓದುವ ವಿದ್ಯಾರ್ಥಿನಿಯೊಬ್ಬಳು ಈ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿ, ಒಂದು ಸಂಜೆಯೆಲ್ಲ ಅದರ ಮುಂದೆ ಕೂತು, ಮರುದಿನ ಬೆಳಿಗ್ಗೆ "ಸರ್, ಪ್ರೋಗ್ರಾಂ ನಿಲ್ಲುತ್ತಲೇ ಇಲ್ಲ, ಎಲ್ಲೋ ತಪ್ಪಾಗಿದೆ" ಎಂದು ಬಂದಳು. ಸಾಲು ಸಾಲಾಗಿ ಓದಿದೆ. ಒಂದು ಸಾಲೂ ತಪ್ಪಿರಲಿಲ್ಲ. ಇಳಿಜಾರು ಸೊನ್ನೆಯಾದಾಗ ನಿಲ್ಲು ಎಂದು ಅವಳು ಬರೆದಿದ್ದಳು. ಆ ಫಲನದಲ್ಲಿ ಇಳಿಜಾರು ಸೊನ್ನೆಯಾಗುವ ಜಾಗವೇ ಇರಲಿಲ್ಲ.

ಪಿಯುಸಿಯಲ್ಲಿ ಎಲ್ಲರೂ ಕಲಿಯುವ ನಿಯಮ ಫ್ರೆಂಚ್ ಗಣಿತಜ್ಞ ಫರ್ಮಾನದು: ಕನಿಷ್ಠ ಬಿಂದುವಿನಲ್ಲಿ ಡೆರಿವೇಟಿವ್, ಅಂದರೆ ಇಳಿಜಾರು, ಸೊನ್ನೆ. ಗ್ರಾಫು ನುಣುಪಾಗಿದ್ದರೆ ಮಾತ್ರ ಈ ಮಾತು ನಿಲ್ಲುತ್ತದೆ. ದೂರ, ದಂಡ, ಸ್ಲ್ಯಾಬ್ ದರ, ಎರಡರಲ್ಲಿ ಹೆಚ್ಚಿನದು ಎಂಬಂಥ ಪದಗಳು ಲೆಕ್ಕದೊಳಗೆ ಬಂದ ತಕ್ಷಣ ಗ್ರಾಫಿಗೆ ಮೂಲೆಗಳು ಹುಟ್ಟುತ್ತವೆ. ಕನಿಷ್ಠ ಬಿಂದು ಬಹಳ ಸಲ ಆ ಮೂಲೆಯಲ್ಲೇ ಹೋಗಿ ಕೂರುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಆ ಪ್ರಶ್ನೆ ಯಾವುದು, ಅದರ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ನೀವು ಪರದೆಯ ಮೇಲೆ ಕಾಣುವ ಲಕ್ಷಣಗಳಿಂದಲೇ ಹೊರಟು ಹೇಳುತ್ತೇನೆ. ಕಾಗದ, ಪೆನ್ನಿನಲ್ಲಿ ಮುಗಿಯುವ ತಪಾಸಣೆ ಮೊದಲು. ಪ್ರೋಗ್ರಾಮನ್ನೇ ಬದಲಿಸಬೇಕಾದದ್ದು ಆಮೇಲೆ.

ಲಕ್ಷಣ: ಉತ್ತರ ಎರಡು ಸಂಖ್ಯೆಗಳ ನಡುವೆ ಓಲಾಡುತ್ತದೆ

ಆ ವಿದ್ಯಾರ್ಥಿನಿಯ ಪರದೆಯಲ್ಲಿ ಕಂಡದ್ದು ಇದು: 3.4, 3.1, 2.8, 2.5, 2.2, 1.9, 2.2, 1.9, 2.2, 1.9... ಕೊನೆಯೇ ಇಲ್ಲ. ಐದು ದೂರಗಳ ಸರಾಸರಿಯಾದ 3.4ರಿಂದ ಹೊರಟಿದ್ದಳು, ಹೆಜ್ಜೆಯ ಅಳತೆ 0.3.

ಮೊದಲ ತಪಾಸಣೆಗೆ ಕಾಸಿನ ಖರ್ಚಿಲ್ಲ. ಓಲಾಡುವ ಎರಡು ಸಂಖ್ಯೆಗಳ ನಡುವೆ ಯಾವ ಮೂಲೆ ಇದೆ ನೋಡಿ. ಇಲ್ಲಿ 1.9 ಮತ್ತು 2.2ರ ನಡುವೆ ಇರುವುದು 2, ಅಂದರೆ ಮೂರನೆಯ ಮನೆ. ಆ ಜಾಗದಲ್ಲಿ ಎಡದ ಇಳಿಜಾರು ಎಷ್ಟು, ಬಲದ ಇಳಿಜಾರು ಎಷ್ಟು ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕಿ. ಡ್ರೈಯರ್ ಅನ್ನು ಒಂದಿಷ್ಟು ಬಲಕ್ಕೆ ಸರಿಸಿದರೆ ಎಡಗಡೆಯ ಪ್ರತಿ ಮನೆಗೂ ಅಷ್ಟು ದೂರ ಹೆಚ್ಚುತ್ತದೆ, ಬಲಗಡೆಯ ಪ್ರತಿ ಮನೆಗೂ ಅಷ್ಟು ಕಡಿಮೆಯಾಗುತ್ತದೆ. ಹಾಗಾಗಿ ಇಳಿಜಾರು ಎಂದರೆ ಎಡಗಡೆಯ ಮನೆಗಳ ಸಂಖ್ಯೆಯಲ್ಲಿ ಬಲಗಡೆಯ ಮನೆಗಳನ್ನು ಕಳೆದದ್ದು. 2ಕ್ಕಿಂತ ಚೂರು ಎಡಕ್ಕೆ ನಿಂತರೆ ಅದು 2 − 3 = −1. ಚೂರು ಬಲಕ್ಕೆ ನಿಂತರೆ 3 − 2 = +1. ಎಡದಲ್ಲಿ ಇಳಿಯುತ್ತಿದೆ, ಬಲದಲ್ಲಿ ಏರುತ್ತಿದೆ, ನಡುವೆ ಸೊನ್ನೆ ಎಂಬ ಇಳಿಜಾರು ಎಲ್ಲಿಯೂ ಬರುವುದಿಲ್ಲ.

ಪೀನ ಫಲನಗಳಲ್ಲಿ, ಅಂದರೆ ಬಟ್ಟಲಿನಂತೆ ಬಾಗಿ ಎಲ್ಲಿಯೂ ಮೇಲಕ್ಕೆ ಉಬ್ಬದಂಥವುಗಳಲ್ಲಿ, ಈ ಎರಡು ಇಳಿಜಾರುಗಳ ನಡುವಿನ ಎಲ್ಲ ಸಂಖ್ಯೆಗಳನ್ನೂ ಒಟ್ಟಾಗಿ ಹಿಡಿದು ಸಬ್‌ಡಿಫರೆನ್ಷಿಯಲ್ ಎನ್ನುತ್ತಾರೆ. ಗಣಿತಜ್ಞರಾದ ಮೊರೋ ಮತ್ತು ರಾಕಫೆಲರ್ 1960ರ ದಶಕದಲ್ಲಿ ಇದಕ್ಕೆ ಗಟ್ಟಿಯಾದ ರೂಪ ಕೊಟ್ಟರು. ಇಲ್ಲಿ ಅದು −1ರಿಂದ +1ರವರೆಗಿನ ಅಂತರ. ಪೀನ ಫಲನಕ್ಕೆ ನಿಯಮ ಇಷ್ಟೇ: ಸೊನ್ನೆ ಈ ಗುಂಪಿನೊಳಗೆ ಇದ್ದರೆ ಅದು ಕನಿಷ್ಠ ಬಿಂದು, ಇಲ್ಲದಿದ್ದರೆ ಅಲ್ಲ. ಯಾವುದೋ ಒಂದು ಇಳಿಜಾರು ಸೊನ್ನೆಯಾಗಬೇಕಿಲ್ಲ, ಸುತ್ತಲಿನ ಇಳಿಜಾರುಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಸೊನ್ನೆ ಸಿಗಬೇಕು. 2ರಲ್ಲಿ ಸಿಗುತ್ತದೆ. ಒಟ್ಟು ದೂರ ಅಲ್ಲಿ 13 ಕಿಲೋಮೀಟರ್, 1.9ರಲ್ಲೂ 2.1ರಲ್ಲೂ 13.1. ಸರಾಸರಿ ಜಾಗವಾದ 3.4ರಲ್ಲಿ 14.4.

ಈಗ ಒಂಬತ್ತನೆಯ ಕಿಲೋಮೀಟರಿನ ತೋಟ ದೊಡ್ಡದು, ಅವರು ಮೂರು ಪಟ್ಟು ಅಡಿಕೆ ತರುತ್ತಾರೆ ಎಂದುಕೊಳ್ಳಿ. 2ರಲ್ಲಿ ಎಡದ ಇಳಿಜಾರು 2 − 5 = −3, ಬಲದ್ದು 3 − 4 = −1. ಈ ಅಂತರದಲ್ಲಿ ಸೊನ್ನೆ ಇಲ್ಲ. ಎರಡೂ ಋಣ, ಆದ್ದರಿಂದ ಬಲಕ್ಕೆ ಹೋಗಬೇಕು. 5ರಲ್ಲಿ ಅಂತರ ಮತ್ತೆ −1ರಿಂದ +1 ಆಗುತ್ತದೆ. ಡ್ರೈಯರ್ ಅಲ್ಲಿಗೆ ಹೋಗುತ್ತದೆ. ಇಷ್ಟನ್ನು ಅಂಗಳದಲ್ಲಿ ಕೂತು ಬೆರಳೆಣಿಕೆಯಲ್ಲೇ ಮಾಡಬಹುದು. ನನಗೆ ಈ ವಿಷಯದಲ್ಲಿ ತೀರ ಇಷ್ಟವಾಗುವುದು ಇದೇ.

ಓಲಾಟ ನಿಲ್ಲಿಸಲು ಹೆಜ್ಜೆಯನ್ನು ಕ್ರಮೇಣ ಚಿಕ್ಕದು ಮಾಡಬೇಕು: 1, 1/2, 1/3, 1/4 ಹೀಗೆ. ಹೆಜ್ಜೆಗಳು ಸೊನ್ನೆಯತ್ತ ಹೋಗಬೇಕು, ಆದರೆ ಅವುಗಳ ಮೊತ್ತಕ್ಕೆ ಮಿತಿ ಇರಬಾರದು. ಮೊತ್ತಕ್ಕೆ ಮಿತಿ ಬಿದ್ದರೆ ದೂರದಲ್ಲಿರುವ ಕನಿಷ್ಠದವರೆಗೆ ನಡೆದು ತಲುಪುವುದೇ ಸಾಧ್ಯವಾಗದಿರಬಹುದು.

ಲಕ್ಷಣ: ವೆಚ್ಚ ನಿಂತಿದೆ, ಗ್ರೇಡಿಯಂಟ್ ಮಾತ್ರ ಸೊನ್ನೆಯಾಗುವುದಿಲ್ಲ

ವೆಚ್ಚ ಎಂದರೆ ಫಲನದ ಬೆಲೆ, ಗ್ರೇಡಿಯಂಟ್ ಎಂದರೆ ಎಲ್ಲ ದಿಕ್ಕುಗಳ ಇಳಿಜಾರು ಒಟ್ಟಾಗಿ. ಮೂಲೆಯ ಮೇಲೆ ಗುಮಾನಿ ಪಡುವ ಮುನ್ನ ಗಡಿ ನೋಡಿ. ಉತ್ತರ ನೀವೇ ಹಾಕಿದ ಮಿತಿಗೆ ಒರಗಿ ನಿಂತಿದೆಯೇ? ಹಾಗಿದ್ದರೆ ಗ್ರೇಡಿಯಂಟ್ ಸೊನ್ನೆಯಾಗಬೇಕೆಂದು ನಿರೀಕ್ಷಿಸುವುದೇ ತಪ್ಪು. ವೆಚ್ಚ ಇನ್ನೂ ಇಳಿಯಬಲ್ಲ ದಿಕ್ಕು ಗೋಡೆಯ ಆಚೆ ಇದೆ, ಅಷ್ಟೇ.

ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣ ಮಟ್ಟ 1819 ಅಡಿ. ವಿದ್ಯಾರ್ಥಿಗಳಿಗೆ ನಾನು ಕೊಡುವ ಒಂದು ಅಭ್ಯಾಸದಲ್ಲಿ ನೀರು ಹೆಚ್ಚು ಹಿಡಿದಷ್ಟೂ ವೆಚ್ಚ ಇಳಿಯುತ್ತದೆ, ಆದರೆ ನೀರಿನ ಮಟ್ಟ ಈ ಗೆರೆ ದಾಟಿದರೆ ದಾಟಿದಷ್ಟಕ್ಕೂ ದಂಡ ಬೀಳುತ್ತದೆ. ದಾಟದಿದ್ದರೆ ದಂಡ ಸೊನ್ನೆ. ಉತ್ತರ ಕರಾರುವಾಕ್ಕಾಗಿ 1819ರಲ್ಲಿ ಬಂದು ನಿಲ್ಲುತ್ತದೆ, ಗ್ರೇಡಿಯಂಟ್ ಸೊನ್ನೆ ತೋರಿಸುವುದಿಲ್ಲ, ಹುಡುಗರು ಗಾಬರಿಯಾಗುತ್ತಾರೆ. ಇದು ದೋಷವಲ್ಲ. ದಂಡದ ದರವನ್ನು ಎರಡು ಪಟ್ಟು ಮಾಡಿ ಮತ್ತೆ ಓಡಿಸಿ: ಉತ್ತರ ಅಲುಗದಿದ್ದರೆ ಅದು ಮೂಲೆಯಲ್ಲಿ ಭದ್ರವಾಗಿ ಕೂತಿದೆ. ದರ ತೀರ ಕಡಿಮೆಯಾಗಿದ್ದಾಗ ಮಾತ್ರ ಉತ್ತರ ಗೆರೆ ದಾಟಿ ಆಚೆ ಹೋಗುತ್ತದೆ. ದಂಡವನ್ನು ವರ್ಗ ಮಾಡಿ ನುಣುಪುಗೊಳಿಸಿದರೆ ಈ ಗುಣ ಹೋಗುತ್ತದೆ. ದರ ಎಷ್ಟು ಏರಿಸಿದರೂ ಉತ್ತರ ಗೆರೆಯಿಂದ ಸ್ವಲ್ಪ ಆಚೆಯೇ ಉಳಿಯುತ್ತದೆ. ಇಲ್ಲಿ ಆ ಮೂಲೆಯೇ ನಮಗೆ ಬೇಕಾದದ್ದು.

ಅಂಕಿಅಂಶದವರು ಬಳಸುವ ಲ್ಯಾಸೊ ವಿಧಾನಕ್ಕೂ ಇದೇ ತಪಾಸಣೆ. ಅದು ವರ್ಗದೋಷಕ್ಕೆ, ಗುಣಾಂಕಗಳ ಚಿಹ್ನೆ ಬಿಟ್ಟ ಮೊತ್ತದ ಲ್ಯಾಂಬ್ಡಾ ಪಟ್ಟನ್ನು ದಂಡವಾಗಿ ಕೂಡಿಸುತ್ತದೆ. ಸೊನ್ನೆಯಾಗಿರುವ ಪ್ರತಿ ಗುಣಾಂಕದ ಎದುರು ವರ್ಗದೋಷದ ಭಾಗದ ಗ್ರೇಡಿಯಂಟ್ ಎಷ್ಟಿದೆ ನೋಡಿ. ಚಿಹ್ನೆ ಬಿಟ್ಟು ಅದು ಲ್ಯಾಂಬ್ಡಾಕ್ಕಿಂತ ಹೆಚ್ಚಿರಬಾರದು. ಸೊನ್ನೆಯಲ್ಲದ ಗುಣಾಂಕಗಳ ಎದುರು ಅದು ಸರಿಯಾಗಿ ಲ್ಯಾಂಬ್ಡಾದಷ್ಟೇ ಇದ್ದು, ಚಿಹ್ನೆ ಗುಣಾಂಕದ ಚಿಹ್ನೆಗೆ ವಿರುದ್ಧವಾಗಿರಬೇಕು. ಎರಡೂ ಸರಿಯಿದ್ದರೆ ಪ್ರೋಗ್ರಾಮನ್ನು ಅಲ್ಲಿಗೇ ನಿಲ್ಲಿಸಬಹುದು.

ಲಕ್ಷಣ: ಗ್ರೇಡಿಯಂಟ್ ಸೊನ್ನೆ ಎನ್ನುತ್ತದೆ, ಆದರೆ ಅದು ಕನಿಷ್ಠವಲ್ಲ

ಎಲ್ಲಕ್ಕಿಂತ ಅಪಾಯದ ಲಕ್ಷಣ ಇದು. ಓಲಾಡುವ ಪ್ರೋಗ್ರಾಂ ತನ್ನ ತೊಂದರೆಯನ್ನು ತಾನೇ ಹೇಳಿಕೊಳ್ಳುತ್ತದೆ. ಇದು ಸಮಾಧಾನದಿಂದ ತಪ್ಪು ಉತ್ತರ ಕೊಟ್ಟು ಸುಮ್ಮನಾಗುತ್ತದೆ.

ಮೊದಲು ಇಳಿಜಾರನ್ನು ಅಳೆದದ್ದು ಹೇಗೆ ಎಂದು ವಿಚಾರಿಸಿ. ಎಡಬಲ ಎರಡೂ ಕಡೆ ಒಂದೇ ಅಳತೆ ಸರಿದು, ವ್ಯತ್ಯಾಸ ತೆಗೆದು ಭಾಗಿಸುವ ಕ್ರಮ ಬಹಳ ಬಳಕೆಯಲ್ಲಿದೆ. |ಕ| ಎಂಬ ಫಲನಕ್ಕೆ 0ಯಲ್ಲಿ ಅದು ಸೊನ್ನೆ ಕೊಡುತ್ತದೆ. −|ಕ| ಎಂಬುದಕ್ಕೂ ಸೊನ್ನೆಯನ್ನೇ ಕೊಡುತ್ತದೆ. ಮೊದಲನೆಯದರಲ್ಲಿ ನೀವು ಕಣಿವೆಯ ತಳದಲ್ಲಿದ್ದೀರಿ, ಎರಡನೆಯದರಲ್ಲಿ ಗುಡ್ಡದ ನೆತ್ತಿಯಲ್ಲಿದ್ದೀರಿ. ಆದ್ದರಿಂದ ಮೂಲೆಯ ಬಳಿ ಯಾವತ್ತೂ ಎಡದ ಇಳಿಜಾರು ಬೇರೆ, ಬಲದ ಇಳಿಜಾರು ಬೇರೆ ಎಂದೇ ಅಳೆಯಿರಿ.

ಎರಡನೆಯದಾಗಿ, ಇಳಿಜಾರನ್ನು ತಂತ್ರಾಂಶವೇ ತಾನಾಗಿ ತೆಗೆಯುತ್ತಿದ್ದರೆ ಅದರ ಮೇಲೂ ಒಂದು ಕಣ್ಣಿರಲಿ. ಋಣ ಸಂಖ್ಯೆಯನ್ನು ಸೊನ್ನೆ ಮಾಡಿ ಧನ ಸಂಖ್ಯೆಯನ್ನು ಹಾಗೇ ಬಿಡುವ ಫಲನಕ್ಕೆ ರೆಲು ಎಂದು ಹೆಸರು. ಮೂಲೆಯಲ್ಲಿ ಅದರ ಇಳಿಜಾರು 0 ಎಂದು ಪೈಟಾರ್ಚ್ ಎಂಬ ತಂತ್ರಾಂಶ ಇಟ್ಟುಕೊಂಡಿದೆ. ಈಗ ರೆಲು(ಕ) − ರೆಲು(−ಕ) ಎಂದು ಬರೆಯಿರಿ. ಬಿಡಿಸಿದರೆ ಇದು ಬರೀ ಕ; ಇಳಿಜಾರು ಎಲ್ಲೆಲ್ಲೂ 1. ಆದರೆ 0ಯಲ್ಲಿ ಪೈಟಾರ್ಚ್ ತುಂಡು ತುಂಡಾಗಿ ಇಳಿಜಾರು ತೆಗೆದು, 0 − 0 = 0 ಎಂದು ವರದಿ ಮಾಡುತ್ತದೆ. ಮೂಲೆಯಿಲ್ಲದ ಕಡೆ ಸುಳ್ಳು ಸಮತಟ್ಟು! ಬಿಡಿ ಭಾಗಗಳ ಸಾಮಾನ್ಯೀಕೃತ (ಮೂಲೆಗೂ ಹೊಂದುವಂತೆ ವಿಸ್ತರಿಸಿದ) ಡೆರಿವೇಟಿವ್‌ಗಳನ್ನು ಕೂಡಿದರೆ ಒಟ್ಟಿನದು ಸಿಗುತ್ತದೆ ಎಂಬ ಭರವಸೆ ಇಲ್ಲಿಲ್ಲ. ಕೂಡಿದ ಗುಂಪಿನೊಳಗೆ ನಿಜವಾದದ್ದು ಇರುತ್ತದೆ ಎಂಬಷ್ಟೇ ಖಾತರಿ. ಆ ಗುಂಪು ಅಗತ್ಯಕ್ಕಿಂತ ಎಷ್ಟೋ ದೊಡ್ಡದಿರಬಹುದು. ತಪಾಸಣೆ ಸುಲಭ: ಬಿಂದುವನ್ನು 0.001ರಷ್ಟು ಅತ್ತಿತ್ತ ಸರಿಸಿ ಮತ್ತೆ ಇಳಿಜಾರು ಕೇಳಿ. ಎರಡೂ ಕಡೆ 1 ಬಂದರೆ ನಡುವಿನ 0 ಸುಳ್ಳು.

ಮೂರನೆಯದು ಸ್ವಲ್ಪ ಆಳದ್ದು. ಪೀನವಲ್ಲದ ಫಲನಗಳಿಗೆ ಸಬ್‌ಡಿಫರೆನ್ಷಿಯಲ್ ಕಲ್ಪನೆಯನ್ನು ಫ್ರಾನ್ಸಿಸ್ ಕ್ಲಾರ್ಕ್ 1970ರ ದಶಕದಲ್ಲಿ ವಿಸ್ತರಿಸಿದರು. ಅವರ ದಾರಿ ಅಚ್ಚುಕಟ್ಟಾದದ್ದು. ಲಿಪ್‌ಶಿಟ್ಜ್ ಫಲನಗಳು, ಅಂದರೆ ಕಡಿದಾದರೂ ಆ ಕಡಿದಿಗೆ ಒಂದು ಮಿತಿ ಇರುವಂಥವು, ಬಹುತೇಕ ಎಲ್ಲ ಬಿಂದುಗಳಲ್ಲೂ ನುಣುಪಾಗಿಯೇ ಇರುತ್ತವೆ ಎಂದು ರಾಡಮಾಕರ್ 1919ರಲ್ಲೇ ಸಾಧಿಸಿದ್ದರು. ಹಾಗಾದರೆ ಮೂಲೆಯ ಸುತ್ತಲಿನ ನುಣುಪು ಬಿಂದುಗಳಿಂದ ಮೂಲೆಯತ್ತ ಬನ್ನಿ, ಗ್ರೇಡಿಯಂಟ್‌ಗಳು ಎಲ್ಲಿಗೆ ಹೋಗಿ ಸೇರುತ್ತವೆ ಗುರುತು ಮಾಡಿಕೊಳ್ಳಿ, ಆ ಗುರುತುಗಳನ್ನೆಲ್ಲ ಬೆರೆಸಿ ಸಿಗುವ ಗುಂಪೇ ಕ್ಲಾರ್ಕ್ ಗ್ರೇಡಿಯಂಟ್. ಕನಿಷ್ಠ ಬಿಂದುವಿನಲ್ಲಿ ಸೊನ್ನೆ ಈ ಗುಂಪಿನಲ್ಲಿ ಇದ್ದೇ ಇರುತ್ತದೆ.

ತಿರುಗುಮುರುಗು ಮಾತ್ರ ನಿಜವಲ್ಲ. −|ಕ|ಗೆ 0ಯಲ್ಲಿ ಕ್ಲಾರ್ಕ್ ಗುಂಪು −1ರಿಂದ +1. ಸೊನ್ನೆ ಅದರ ನಟ್ಟನಡುವೆ ಇದೆ. ಆದರೂ ಅದು ನೆತ್ತಿ. ಬೆರೆಸುವ ಕೆಲಸದಲ್ಲೇ ಮೂಲೆ ಮೇಲ್ಮುಖವೋ ಕೆಳಮುಖವೋ ಎಂಬ ಮಾಹಿತಿ ಕಳೆದುಹೋಗುತ್ತದೆ. ಮೊರ್ದುಖೊವಿಚ್ 1976ರಲ್ಲಿ ಮುಂದಿಟ್ಟ ಸಬ್‌ಡಿಫರೆನ್ಷಿಯಲ್ ಬೆರೆಸುವುದಿಲ್ಲ. ಅದು ಇಲ್ಲಿ ಕೊಡುವುದು −1 ಮತ್ತು +1 ಎಂಬ ಎರಡೇ ಸಂಖ್ಯೆಗಳನ್ನು, ಸೊನ್ನೆ ಅದರಲ್ಲಿಲ್ಲ. ನೆತ್ತಿಯನ್ನು ಅದು ಮೊದಲ ಸುತ್ತಿನಲ್ಲೇ ಹೊರಹಾಕುತ್ತದೆ.

ಇದು ಪುಸ್ತಕದ ಉದಾಹರಣೆ ಎಂದು ಬದಿಗಿಡಬೇಡಿ. ಶಿವಮೊಗ್ಗದ ಮಂಡಿಗೆ ರಾಶಿ, ಬೆಟ್ಟೆ ಬಗೆಯ ಅಡಿಕೆ ಸಾಗಿಸುವ ಬಾಡಿಗೆಯನ್ನು ತೆಗೆದುಕೊಳ್ಳಿ. ಇಂತಿಷ್ಟು ಕ್ವಿಂಟಲ್ ದಾಟಿದ ಮೇಲೆ ಹೆಚ್ಚುವರಿ ಕ್ವಿಂಟಲಿಗೆ ದರ ಕಡಿಮೆ ಎಂದಿದ್ದರೆ, ಆ ಗೆರೆಯಲ್ಲಿ ಮೂಲೆ ಮೇಲಕ್ಕೆ ಉಬ್ಬಿರುತ್ತದೆ. ದರ ಹೆಚ್ಚುತ್ತದೆ ಎಂದಿದ್ದರೆ, ವಿದ್ಯುತ್ತಿನ ಸ್ಲ್ಯಾಬಿನ ಹಾಗೆ, ಮೂಲೆ ಕೆಳಕ್ಕೆ ಚೂಪಾಗಿರುತ್ತದೆ. ಕೆಳಕ್ಕೆ ಚೂಪಾದ ಮೂಲೆಯಲ್ಲಿ ಕನಿಷ್ಠ ಕೂರಬಹುದು. ಮೇಲಕ್ಕೆ ಉಬ್ಬಿದ ಮೂಲೆಯಲ್ಲಿ ಎಂದೆಂದಿಗೂ ಕೂರುವುದಿಲ್ಲ. ಅಂಥ ಗೆರೆಯಲ್ಲೇ ನಿಮ್ಮ ಪ್ರೋಗ್ರಾಂ ನಿಂತಿದ್ದರೆ ಬೇರೆ ವಿಚಾರಣೆ ಬೇಡ, ಉತ್ತರ ತಪ್ಪು.

ಅನುಮಾನ ಉಳಿದರೆ ದಿಕ್ಕು ಹಿಡಿದು ನಡೆದು ನೋಡಿ. ಆ ಬಿಂದುವಿನಿಂದ ಪ್ರತಿ ದಿಕ್ಕಿಗೂ ಸಣ್ಣ ಹೆಜ್ಜೆ ಇಟ್ಟಾಗ ವೆಚ್ಚ ಇಳಿಯುತ್ತದೆಯೇ? ಒಂದೇ ಒಂದು ದಿಕ್ಕಿನಲ್ಲಿ ಇಳಿದರೂ ಸಾಕು, ಅದು ಕನಿಷ್ಠವಲ್ಲ. ಪೀನವಲ್ಲದ ಲೆಕ್ಕದಲ್ಲಿ ಈ ನಡಿಗೆಯಿಲ್ಲದೆ ನಾನು ಯಾವ ಉತ್ತರಕ್ಕೂ ಒಪ್ಪಿಗೆ ಕೊಡುವುದಿಲ್ಲ.

ಲಕ್ಷಣ: ನಡುವೆಯೇ ನ್ಯಾನ್ ಎಂದು ಬರೆದು ನಿಲ್ಲುತ್ತದೆ

ನ್ಯಾನ್ ಎಂದರೆ ಸಂಖ್ಯೆಯಲ್ಲ ಎಂದು ಕಂಪ್ಯೂಟರ್ ಕೊಡುವ ಗುರುತು. ರಸ್ತೆ ಬಿಟ್ಟು ನಕ್ಷೆಯ ಮೇಲೆ, ನೇರ ದೂರ ಹಿಡಿದು ಡ್ರೈಯರಿಗೆ ಜಾಗ ಹುಡುಕುವವರಿಗೆ ಇದು ಎದುರಾಗುತ್ತದೆ. ವೈಸ್‌ಫೆಲ್ಡ್ 1937ರಲ್ಲಿ ಕೊಟ್ಟ ವಿಧಾನದಲ್ಲಿ ಪ್ರತಿ ಸುತ್ತಿನಲ್ಲೂ ಮನೆಗಳ ದೂರದಿಂದ ಭಾಗಿಸಬೇಕು. ಬಿಂದು ಯಾವುದಾದರೂ ಮನೆಯ ಮೇಲೆಯೇ ಬಂದು ಬಿದ್ದರೆ ದೂರ ಸೊನ್ನೆ, ಭಾಗಾಕಾರ ಕೆಡುತ್ತದೆ.

ಆ ದೂರಕ್ಕೆ ಪುಟ್ಟ ಸಂಖ್ಯೆಯೊಂದನ್ನು ಕೂಡಿಸಿ ಮುಂದೆ ಸಾಗುವವರಿದ್ದಾರೆ. ಅದಕ್ಕೂ ಮೊದಲು ಹೀಗೆ ಮಾಡಿ: ಆ ಮನೆಯಲ್ಲಿ ನಿಂತು ಉಳಿದ ಪ್ರತಿ ಮನೆಯ ಕಡೆಗೂ ಒಂದೊಂದು ಬಾಣ ಎಳೆಯಿರಿ, ಬಾಣದ ಉದ್ದ ಆಯಾ ಮನೆಯ ತೂಕದಷ್ಟಿರಲಿ (ತೂಕ ಎಂದರೆ ಅವರು ತರುವ ಅಡಿಕೆಯ ಪ್ರಮಾಣ). ಎಲ್ಲ ಬಾಣಗಳನ್ನೂ ಕೂಡಿಸಿ. ಸಿಕ್ಕ ಬಾಣದ ಉದ್ದ ನೀವು ನಿಂತ ಮನೆಯ ತೂಕಕ್ಕಿಂತ ಹೆಚ್ಚಿಲ್ಲದಿದ್ದರೆ ಆ ಮನೆಯೇ ಉತ್ತರ, ಪ್ರೋಗ್ರಾಂ ತಲುಪಬೇಕಾದ ಜಾಗಕ್ಕೇ ತಲುಪಿ ನಿಂತಿದೆ. ಹೆಚ್ಚಿದ್ದರೆ ಆ ಬಾಣದ ದಿಕ್ಕಿಗೆ ಸ್ವಲ್ಪ ಸರಿದು ಮತ್ತೆ ಶುರು ಮಾಡಿ. ಮೂರೇ ಮನೆಗಳಿದ್ದು, ತೂಕ ಸಮವಾಗಿದ್ದು, ಒಂದು ಮನೆಯಲ್ಲಿ ತ್ರಿಕೋನದ ಕೋನ 120 ಡಿಗ್ರಿ ಅಥವಾ ಹೆಚ್ಚಿದ್ದರೆ ಆ ಮನೆಯೇ ಉತ್ತರವಾಗುವುದು ಇದೇ ಕಾರಣಕ್ಕೆ: 120 ಡಿಗ್ರಿಯಲ್ಲಿರುವ ಎರಡು ಏಕಮಾನ ಬಾಣಗಳ ಮೊತ್ತದ ಉದ್ದ ಸರಿಯಾಗಿ 1. ಮೂರು ಬಿಂದುಗಳ ಈ ಸಮಸ್ಯೆಯನ್ನು ಕೇಳಿದವರೂ ಅದೇ ಫರ್ಮಾ.

ಲಕ್ಷಣ: ಹೆಜ್ಜೆ ಇಟ್ಟಾಗ ವೆಚ್ಚ ಇಳಿಯುವ ಬದಲು ಏರುತ್ತದೆ

ನೌಮ್ ಶೋರ್ 1960ರ ದಶಕದಲ್ಲಿ ಬೆಳೆಸಿದ ಸಬ್‌ಗ್ರೇಡಿಯಂಟ್ ವಿಧಾನ ಬಳಸುವಾಗ ಇದು ಸಹಜ. ಸಬ್‌ಡಿಫರೆನ್ಷಿಯಲ್ ಗುಂಪಿನ ಯಾವುದೇ ಒಂದು ಇಳಿಜಾರಿಗೆ ಸಬ್‌ಗ್ರೇಡಿಯಂಟ್ ಎಂದು ಹೆಸರು. |ಕ| + 2|ಖ| ಎಂಬ ಫಲನ ತೆಗೆದುಕೊಂಡು (1, 0)ಯಲ್ಲಿ ನಿಲ್ಲಿ. ವೆಚ್ಚ 1. ಇಲ್ಲಿ (1, 2) ಒಂದು ಸಬ್‌ಗ್ರೇಡಿಯಂಟ್. ಅದರ ವಿರುದ್ಧ ದಿಕ್ಕಿನಲ್ಲಿ ಅದರ 0.1 ಪಟ್ಟು ನಡೆದರೆ (0.9, −0.2)ಕ್ಕೆ ಬರುತ್ತೀರಿ, ವೆಚ್ಚ 1.3ಕ್ಕೆ ಏರಿತು. ಆದರೆ ಕನಿಷ್ಠ ಬಿಂದುವಿನಿಂದ ನಿಮ್ಮ ದೂರ 1ರಿಂದ ಸುಮಾರು 0.92ಕ್ಕೆ ಇಳಿದಿದೆ. ವಿಧಾನ ನಂಬಿರುವುದು ಈ ದೂರವನ್ನು. ಆದ್ದರಿಂದ ಏರಿಕೆ ಕಂಡು ನಿಲ್ಲಿಸಬೇಡಿ. ಇದುವರೆಗಿನ ಅತಿ ಕಡಿಮೆ ವೆಚ್ಚವನ್ನೂ ಅದರ ಬಿಂದುವನ್ನೂ ಬೇರೆ ಬರೆದಿಟ್ಟುಕೊಳ್ಳುತ್ತಾ ಹೋಗಿ. ತಾಳ್ಮೆಯೂ ಬೇಕು: ಈ ವಿಧಾನದಲ್ಲಿ ಹತ್ತು ಪಟ್ಟು ನಿಖರತೆ ಬೇಕೆಂದರೆ ಸುಮಾರು ನೂರು ಪಟ್ಟು ಸುತ್ತು ಬೇಕಾಗುತ್ತದೆ.

ಏರಿಕೆಯೇ ಬೇಡವೆಂದರೆ ಗುಂಪಿನಲ್ಲಿ ಅತಿ ಚಿಕ್ಕ ಸಬ್‌ಗ್ರೇಡಿಯಂಟ್ ಹುಡುಕಬೇಕು. ನಮ್ಮ ಹಂಚಿನ ಮನೆಗಳಲ್ಲಿ ಎರಡು ಮಾಡುಗಳು ಒಳಮುಖವಾಗಿ ಕೂಡುವ ಕಡೆ ಮಳೆನೀರು ಏನು ಮಾಡುತ್ತದೆ ನೋಡಿ. ಎರಡೂ ಮಾಡಿನ ಇಳಿಜಾರು ನೀರನ್ನು ಎದುರಿನ ಮಾಡಿನತ್ತ ತಳ್ಳುತ್ತದೆ, ನೀರು ಮಾತ್ರ ಎರಡಕ್ಕೂ ಸೇರದೆ ಕೂಡುಗೆರೆಯನ್ನೇ ಹಿಡಿದು ಹರಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಆ ಕೂಡುಗೆರೆಯ ದಿಕ್ಕು (1, 0)ಯ ವಿರುದ್ಧ ದಿಕ್ಕು. ಅತ್ತ ನಡೆದರೆ ವೆಚ್ಚ ಪ್ರತಿ ಹೆಜ್ಜೆಗೂ ಇಳಿಯುತ್ತದೆ.

ಲಕ್ಷಣ: ಪ್ರತಿ ಹೆಜ್ಜೆಗೂ ಇಳಿಯುತ್ತದೆ, ಆದರೂ ತಪ್ಪು ಜಾಗದಲ್ಲಿ ಸೊರಗುತ್ತದೆ

ಫಿಲಿಪ್ ವುಲ್ಫ್ 1975ರಲ್ಲಿ ಒಂದು ಪೀನ ಫಲನ ಕೊಟ್ಟರು. ಕ ಎಂಬುದು |ಖ|ಗಿಂತ ದೊಡ್ಡದಿರುವ ಕಡೆ ಅದು 9ಕ² + 16ಖ² ಎಂಬುದರ ವರ್ಗಮೂಲದ ಐದು ಪಟ್ಟು, ಉಳಿದ ಕಡೆ 9ಕ + 16|ಖ|. ಅತಿ ಕಡಿದಾದ ಇಳಿಜಾರು ಹಿಡಿದು, ಪ್ರತಿ ಸಲವೂ ಆ ಗೆರೆಯ ಮೇಲಿನ ಅತ್ಯುತ್ತಮ ಬಿಂದುವಿಗೇ ಹೋಗುತ್ತ ನಡೆದರೂ, ಕೆಲವು ಜಾಗಗಳಿಂದ ಹೊರಟವರು ಅಂಕುಡೊಂಕಾಗಿ (0, 0)ಗೆ ಬಂದು ಸೇರುತ್ತಾರೆ. ಅಲ್ಲಿ ಬೆಲೆ 0; ಪಕ್ಕದ (−1, 0)ಯಲ್ಲಿ −9. ದಾರಿಯಲ್ಲಿ ಒಂದು ಸಲವೂ ಮೂಲೆಯ ಮೇಲೆ ಕಾಲಿಡದೆ ಮೂಲೆಯಿಂದಲೇ ಮೋಸ ಹೋಗುವುದು ಹೀಗೆ. ಹೆಜ್ಜೆಗಳು ಕುಗ್ಗುತ್ತಿವೆ, ಗ್ರೇಡಿಯಂಟ್ ಕುಗ್ಗುತ್ತಿಲ್ಲ, ದಾರಿ ಹಾವಿನಂತೆ ಬಳುಕುತ್ತಿದೆ ಎಂದರೆ ಈ ಗುಮಾನಿ ಇಟ್ಟುಕೊಳ್ಳಿ. ಹಳೆಯ ಹೆಜ್ಜೆಗಳ ಇಳಿಜಾರುಗಳನ್ನು ನೆನಪಿಟ್ಟುಕೊಂಡು ಬೆರೆಸುವ ಬಂಡಲ್ ವಿಧಾನಕ್ಕೆ ಬದಲಾಯಿಸುವುದು ಇದಕ್ಕೆ ಮದ್ದು.

ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ಇಳಿಜಾರನ್ನು 0.1, 0.01, 0.001 ಅಳತೆಯ ಹೆಜ್ಜೆಗಳಿಂದ ಮೂರು ಸಲ ತೆಗೆಯಿರಿ. ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದ್ದರೆ ಅದು ಮೂಲೆ, ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ. ಪ್ರತಿ ಸಲವೂ ಮೂರು ಪಟ್ಟಿಗಿಂತ ಚೂರು ಹೆಚ್ಚು ಏರುತ್ತಿದ್ದರೆ ಒಳಗೆ ವರ್ಗಮೂಲದಂಥದ್ದು ಇದೆ. ಕಡಿದಿಗೆ ಮಿತಿಯಿಲ್ಲ, ಕ್ಲಾರ್ಕ್ ಅವರ ಮೇಲಿನ ವಿವರಣೆಯನ್ನು ಹಾಗೇ ಹೊರಿಸಲಾಗದು. ಪ್ರತಿ ಸಲವೂ ಹತ್ತು ಪಟ್ಟು ಏರುತ್ತಿದ್ದರೆ ಗ್ರಾಫು ಅಲ್ಲಿ ಹರಿದಿದೆ. ಲಾರಿ ಎಷ್ಟು ಸಲ ಹೋಗಬೇಕು ಎಂಬಂಥ ಇಡೀ ಸಂಖ್ಯೆ ಒಳಗೆ ಸೇರಿಕೊಂಡಾಗ ಹೀಗಾಗುತ್ತದೆ. ಈ ಕೊನೆಯ ಎರಡರಲ್ಲಿ ಸ್ವಂತ ಪ್ರಯೋಗ ನಿಲ್ಲಿಸಿ.

ಇನ್ನೂ ಕೆಲವು ಎಚ್ಚರ. ಅಭ್ಯಾಸದ ಲೆಕ್ಕದ ಉತ್ತರವನ್ನು ಅಣೆಕಟ್ಟಿನ ಬಾಗಿಲಿಗೋ ತೋಟಕ್ಕೆ ಹೊಡೆಯುವ ಔಷಧದ ಪ್ರಮಾಣಕ್ಕೋ ನೇರವಾಗಿ ಬಳಸಬಾರದು. ಆ ಕೆಲಸ ಬಲ್ಲವರು ಸಂಖ್ಯೆಯನ್ನು ನೋಡಿ ಒಪ್ಪಬೇಕು. ಮೂಲೆಯನ್ನು ಉಜ್ಜಿ ನುಣುಪು ಮಾಡಿದ್ದರೆ ಎಷ್ಟು ಉಜ್ಜಿದಿರಿ ಎಂಬುದನ್ನು ಉತ್ತರದ ಪಕ್ಕದಲ್ಲೇ ಬರೆದಿಡಿ. ನೂರಾರು ಸುತ್ತಿನ ಲೆಕ್ಕವನ್ನು ರಾತ್ರಿಯಿಡೀ ಓಡಿಸುವವರು ಅತ್ಯುತ್ತಮ ಬಿಂದುವನ್ನು ಆಗಾಗ ಕಡತಕ್ಕೆ ಉಳಿಸಬೇಕು. ನಮ್ಮ ಕಡೆ ಮುಂಗಾರಿಗೆ ಮುಂಚಿನ ಗುಡುಗು ಮಳೆಗೆ ಕರೆಂಟು ಹೇಳದೆ ಕೇಳದೆ ಹೋಗುತ್ತದೆ, ಸಿಡಿಲು ಬಡಿಯುವಾಗ ಯಂತ್ರದ ಪ್ಲಗ್ಗನ್ನೇ ಕಿತ್ತಿಡಬೇಕು.

ಶಂಕರಘಟ್ಟದ ವಿಶ್ವವಿದ್ಯಾಲಯದ ಗಣಿತ ವಿಭಾಗಕ್ಕೋ ಈ ವಿಷಯ ಬಲ್ಲ ಬೇರೆ ಯಾರ ಬಳಿಗೋ ಹೋಗುವಾಗ ಪ್ರೋಗ್ರಾಮಿನ ಮುನ್ನೂರು ಸಾಲು ಹೊತ್ತು ಹೋಗಬೇಡಿ. ಫಲನವನ್ನು ಒಂದು ಹಾಳೆಯಲ್ಲಿ ಬರೆಯಿರಿ. ತೊಂದರೆ ಉಳಿಯುವಷ್ಟು ಅದನ್ನು ಚಿಕ್ಕದು ಮಾಡಿ; ಐವತ್ತು ಮನೆಗಳಿದ್ದರೆ ಐದಕ್ಕೆ ಇಳಿಸಿ. ಸಿಕ್ಕಿಬಿದ್ದ ಬಿಂದುವಿನ ಎಡದ ಇಳಿಜಾರು, ಬಲದ ಇಳಿಜಾರು, ಎರಡೂ ಬದಿಯ ವೆಚ್ಚ, ಈ ನಾಲ್ಕು ಸಂಖ್ಯೆಗಳನ್ನು ಕೆಳಗೆ ಬರೆಯಿರಿ. ಆ ವಿದ್ಯಾರ್ಥಿನಿ ಎರಡನೆಯ ಸಲ ಬಂದಾಗ ಇಂಥದೇ ಹಾಳೆ ತಂದಿದ್ದಳು: −1, +1, 13.1, 13.1. ನನ್ನ ಮುಂದೆ ಕೂರುವ ಮೊದಲೇ ಅವಳು ನಡುವೆ 2 ಎಂದು ಬರೆದು ಸುತ್ತ ಗುಂಡು ಗೆರೆ ಎಳೆದಿದ್ದಳು.